ಬರಿಗೈ ಮುಟ್ಟದ ಬಟ್ಟು

ವಿಶ್ವವಿದ್ಯಾಲಯದ ಪ್ರಯೋಗಶಾಲೆಯ ತಕ್ಕಡಿಗಳನ್ನು ಮೂವತ್ತೆಂಟು ವರ್ಷ ಕಾಯ್ದವರನ್ನು ಎಲ್ಲರೂ ತಕ್ಕಡಿ ಮೇಷ್ಟ್ರೆಂದೇ ಕರೆಯುತ್ತಿದ್ದರು. ಅವರು ಒಂದು ದಿನವೂ ಪಾಠ ಹೇಳಿದವರಲ್ಲ. ನೂರು ಗ್ರಾಮಿನ ಎರಡು ಹಿತ್ತಾಳೆಯ ತೂಕದ ಬಟ್ಟುಗಳು ಅವರ ವಶದಲ್ಲಿದ್ದವು. ಉಳಿದೆಲ್ಲ ಬಟ್ಟುಗಳ ಸತ್ಯಾಸತ್ಯ ಆ ಜೋಡಿಯೆದುರು ನಿರ್ಣಯವಾಗಬೇಕಿತ್ತು. ಬೆರಳಿನ ಬೆವರೂ ಭಾರವೇ ಆದುದರಿಂದ ಅವನ್ನು ಅವರು ಎಂದೂ ಬರಿಗೈಯಿಂದ ಮುಟ್ಟಲಿಲ್ಲ, ಎತ್ತಿದರೆ ಚಿಮ್ಮಟದಿಂದಲೇ.

“ಮದ್ವೇಲಿ ನನ್ ಕೈ ಹಿಡಿಯೋಕೂ ಚಿಮ್ಮಟ ಹುಡುಕಿದ್ರು” ಎಂದು ಹೆಂಡತಿ ನೆಂಟರೆದುರು ಹಂಗಿಸುವರು. ಬಟ್ಟಿಗೆ ಆಕೆ ಇಟ್ಟಿದ್ದ ಹೆಸರು ಸವತಿ.

ನಿವೃತ್ತಿಯ ಬಳಿಕ ಆ ಸಾಮಗ್ರಿಯೆಲ್ಲ ವಿಶ್ವವಿದ್ಯಾಲಯದ ವಿಜ್ಞಾನ ಸಂಗ್ರಹಾಲಯಕ್ಕೆ ಸೇರಿತು. ಎಂಬತ್ತೊಂದನೆಯ ವಯಸ್ಸಿನಲ್ಲಿ, ಹೃದಯ ಎರಡನೆಯ ಸಲ ಕೈಕೊಟ್ಟೂ ಬದುಕಿ ಉಳಿದ ಮೇಲೆ, ಮೇಷ್ಟ್ರಿಗೆ ಒಂದೇ ಹಂಬಲವಾಯಿತು: ಒಪ್ಪಿಸಿ ಬಂದದ್ದು ಒಪ್ಪಿಸಿದಂತೆಯೇ ಇದೆಯೇ ಎಂದು ಕಂಡು, ಆಮೇಲೆ ಭಗವಂತನ ತಕ್ಕಡಿಗೆ ಏರಬೇಕು.

ಹೆಂಡತಿಯೊಡನೆ ಸಂಗ್ರಹಾಲಯಕ್ಕೆ ಹೋದರು. ಗಾಜಿನ ಕಪಾಟಿನಲ್ಲಿ ಜೋಡಿಯ ಒಂದು ಬಟ್ಟು ಮುಚ್ಚಿದ ಮರದ ಪೆಟ್ಟಿಗೆಯೊಳಗಿತ್ತು. ಇನ್ನೊಂದನ್ನು ನೀಲಿ ಬಟ್ಟೆಯ ಮೇಲೆ ನೋಡುವವರಿಗಾಗಿ ಇಟ್ಟಿದ್ದರು.

“ಚಿನ್ನದ ಹಾಗೆ ಹೊಳೀತಿದೆ, ನೋಡ್ರೀ!” ಎಂದರು ಹೆಂಡತಿ.

“ಅದೇ ಭಯ ಕಣೇ.”

ಕಪಾಟುಗಳನ್ನು ನೋಡಿಕೊಳ್ಳುವ ಹೆಂಗಸು ಹಿಗ್ಗಿನಿಂದ ಬಂದಳು. “ನಾನೇ ತಿಕ್ಕಿದ್ದು ತಾತ. ವಾರಕ್ಕೊಂದ್ಸಲ ಪಾಲಿಶ್ ಹಾಕ್ತೀನಿ. ಕಪ್ಪು ಹಿಡಿದಿತ್ತು, ಪಾಪ.”

“ಎಷ್ಟು ವರ್ಷದಿಂದ?”

“ಆರಾಯ್ತು.”

“ಒಂದ್ಸಲ ತೂಗೋಣ್ವಾ, ತಾಯಿ?”

“ಇದನ್ನೆಲ್ಲ ಕಾಯ್ದೋರು ಇವ್ರೇ ಕಣಮ್ಮ” ಎಂದರು ಹೆಂಡತಿ. ಮೇಷ್ಟ್ರ ಮುಖ ನೋಡಿ ಆಕೆ ಬೀಗ ತೆಗೆದಳು. ಅವರು ಅಲ್ಲೇ ಇದ್ದ ತಮ್ಮ ಹಳೆಯ ತಕ್ಕಡಿಯ ಕಾಲಿನ ತಿರುಪುಗಳನ್ನು ತಿರುಗಿಸಿ ಸಮ ಮಾಡಿದರು; ಚಿಮ್ಮಟದಿಂದ ಒಂದೊಂದು ತಟ್ಟೆಗೆ ಒಂದೊಂದು ಬಟ್ಟನ್ನಿಟ್ಟು, ಗಾಜಿನ ಬಾಗಿಲು ಮುಚ್ಚಿ, ಉಸಿರು ಬಿಗಿಹಿಡಿದರು. ಪೆಟ್ಟಿಗೆಯ ಬಟ್ಟು ಕೆಳಗಿಳಿಯಿತು. ಹೊಳೆಯುವುದರ ಪಕ್ಕ ತಗಡಿನ ಸಣ್ಣ ತೂಕಗಳನ್ನು ಒಂದೊಂದಾಗಿ ಸೇರಿಸಿದ ಮೇಲೆಯೇ ಮುಳ್ಳು ನಡುವೆ ನಿಂತಿತು.

“ಏಳು ಮಿಲಿಗ್ರಾಂ ಕಮ್ಮಿ. ತಿಕ್ಕಿ ತಿಕ್ಕಿ ಸವೆದಿದೆ.”

“ಅಷ್ಟೇನಾ? ಮೂರು ಸಾಸಿವೆ ಕಾಳು!” ಎಂದು ನಕ್ಕ ಆಕೆ, ಅವರು ನಗದ್ದನ್ನು ಕಂಡು ಕುಗ್ಗಿದಳು. “ಹಾಳು ಮಾಡ್ಬಿಟ್ನಾ, ತಾತ?”

ಇಲ್ಲವೆಂದರೆ ಒಂದು ಜೀವ ಹಗುರಾಗುತ್ತಿತ್ತು. ಆದರೆ ಆ ತಕ್ಕಡಿಯೆದುರು ಮೇಷ್ಟ್ರು ಎಂದೂ ಸುಳ್ಳಾಡಿದವರಲ್ಲ.

“ಹೌದಮ್ಮ. ಇನ್ನು ಇದು ಸಾಕ್ಷಿ ಹೇಳೋ ಹಾಗಿಲ್ಲ. ಆದ್ರೆ ತಪ್ಪು ನಂದು. ಯಾಕೆ ಮುಟ್ಬಾರ್ದು ಅಂತ ಒಂದ್ ಸಾಲು ಬರೆದಿಡ್ಲಿಲ್ಲ. ಎಲ್ರಿಗೂ ಗೊತ್ತಿರತ್ತೆ ಅಂದ್ಕೊಂಡೆ.”

ಆಕೆ ತಂದುಕೊಟ್ಟ ಕಾಗದದ ಮೇಲೆ ಆ ಸಾಲು ಬರೆದು, ಉಳಿದ ಬಟ್ಟಿನೊಡನೆ ಪೆಟ್ಟಿಗೆಯೊಳಗಿಟ್ಟು ಮುಚ್ಚಿದರು. ಬಳಿಕ ಚಿಮ್ಮಟವನ್ನು ಕೆಳಗಿಟ್ಟರು. ಹೊಳೆಯುವ ಬಟ್ಟನ್ನು ಬೆರಳಿನಿಂದಲೇ ಎತ್ತಿ ಹೆಂಡತಿಯ ಅಂಗೈಯಲ್ಲಿಟ್ಟರು.

“ತಗೋ, ನಿನ್ ಸವತಿ.”

“ಅಯ್ಯೋ, ಇಷ್ಟೇ ಇದ್ಲಾ ಇವ್ಳು!” ಎಂದರಾಕೆ. ನಗಲು ಹೊರಟವರಿಗೆ ನಗೆ ಬರಲಿಲ್ಲ. ಬಟ್ಟಿನ ಮೇಲೆ ಮೆಲ್ಲಗೆ ಬೆರಳು ಮಡಿಚಿದರು. ಮೇಷ್ಟ್ರ ಕೈ ಆ ಕೈಯ ಕೆಳಗೇ ಇತ್ತು. ಅವರು ಅದನ್ನು ತೆಗೆಯಲಿಲ್ಲ.