ಹತ್ತಿಯಲ್ಲ, ಹೊಟ್ಟು

ಅವತ್ತು ಮಾಡಿದ ಕೆಲಸಗಳು ಇಷ್ಟು. ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ತುರುಕಿ ಹಂಡೆ ಕಾಯಿಸಿದೆ. ಅಂಗಳ ಗುಡಿಸಿ ಸಗಣಿ ನೀರು ಚಿಮುಕಿಸಿದೆ. ಹಾಲು ಕಾಸಿದೆ, ರೊಟ್ಟಿ ಬಡಿದೆ, ಮಧ್ಯಾಹ್ನ ಬರುವವರಿಗೆಂದು ಮಂಡಕ್ಕಿ ಜರಡಿ ಹಿಡಿದು ಮಣ್ಣು ತೆಗೆದೆ. ಸೀಗೆಕಾಯಿ ಕುಟ್ಟಿದೆ. ಮನೆಯ ಎಲ್ಲ ದಿಂಬಿನ ಗವಸುಗಳನ್ನೂ ಬಿಚ್ಚಿ, ಸೋಡಾ ಹಾಕಿ, ದೊಡ್ಡ ಪಾತ್ರೆಯಲ್ಲಿ ಕುದಿಸಿದೆ. ನಾದಿನಿಯ ತಲೆ ತೊಳೆದೆ.

ಗವಸು ಕುದಿಸಿದ್ದು ಆ ಮನೆಯಲ್ಲಿ ಅದೇ ಮೊದಲು. ಅವು ಮೂಲದಲ್ಲಿ ಬಿಳಿ ಬಟ್ಟೆಯವೆಂದು ನನಗೆ ಗೊತ್ತಾದದ್ದೂ ಅವತ್ತೇ. ನೀರು ಕುದಿ ಬಂದಂತೆ ಎಣ್ಣೆ ಬಿಟ್ಟುಕೊಂಡು ಮೇಲೆ ಕಂದು ಕೆನೆ ಕಟ್ಟಿತು. ಕಮಟು ಎಣ್ಣೆ, ಬೆವರು, ಕೊಳೆತ ಹೂವು, ಎಲ್ಲ ಸೇರಿದ ವಾಸನೆ ಅಡುಗೆಮನೆಯವರೆಗೂ ಬಂತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಕೋಲಿನಿಂದ ತಿರುವಿದೆ. ಮದುವೆಯಾಗಿ ಬಂದಾಗಿನಿಂದ ಇದರ ಮೇಲೆಯೇ ಕೆನ್ನೆಯಿಟ್ಟು ಮಲಗಿದ್ದೆನಲ್ಲ ಎಂದು ಇನ್ನೊಂದು ಹಿಡಿ ಸೋಡಾ ಸುರಿದೆ.

ಆಗ ಐವತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆಯಲ್ಲಿ ನಮ್ಮ ಮಾವನವರದು ಹತ್ತಿ ವ್ಯಾಪಾರ. ಮುಂದಿನ ಪಡಸಾಲೆಯಲ್ಲಿ ಹತ್ತಿ ತುಂಬಿದ ಅಂಡಿಗೆಗಳು ಮಾಡು ಮುಟ್ಟುವಷ್ಟು ಪೇರಿಸಿರುತ್ತಿದ್ದವು. ನಾವು ಬಾಳುವೆ ಮಾಡುತ್ತಿದ್ದದ್ದು ಅವುಗಳ ಹಿಂದೆ. ಹತ್ತಿಯ ಎಳೆ ಹಾರಿ ಬಂದು ಸಾರಿನಲ್ಲಿ ಬೀಳುತ್ತಿತ್ತು, ದೇವರ ಮುಂದಿನ ಹೂವಿಗೆ ಅಂಟುತ್ತಿತ್ತು, ಹುಬ್ಬಿನಲ್ಲಿ ಕೂರುತ್ತಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಯಾರ ತಲೆಯಲ್ಲಿ ಏನೇ ಬೆಳ್ಳಗೆ ಕಂಡರೂ ಅದಕ್ಕೆ ಒಂದೇ ಹೆಸರು. ಮಾವನವರು ಕೋಟಿನ ಹೆಗಲ ಮೇಲಿನ ಪುಡಿ ಕೊಡವಿಕೊಂಡು ಹತ್ತಿ ಎನ್ನುತ್ತಿದ್ದರು. ನನ್ನ ಗಂಡ ಹಣಿಗೆಯ ಹಲ್ಲಿನಲ್ಲಿ ಸಿಕ್ಕಿದ್ದನ್ನು ಊದಿ ಹತ್ತಿ ಎನ್ನುತ್ತಿದ್ದರು. ಮನೆಗೆಲ್ಲ ಇದ್ದದ್ದು ಒಂದೇ ಮರದ ಹಣಿಗೆ. ಅದರ ಹಲ್ಲುಗಳ ಬುಡದಲ್ಲಿ ಕಪ್ಪು ಜಿಡ್ಡು ಗಟ್ಟಿಯಾಗಿ, ಸೂಜಿಯಿಂದ ಕೆದಕಿದರೆ ಹುಣಸೆಹಣ್ಣಿನ ಹಾಗೆ ಉಂಡೆಯಾಗಿ ಬರುತ್ತಿತ್ತು.

ನಾದಿನಿಗೆ ಹದಿನೇಳು ವರ್ಷ. ಆ ಚಳಿಗಾಲದಲ್ಲಿ ಅವಳ ತಲೆ ಕಡಿತ ಹೇಳತೀರದು. ಕೂತಲ್ಲಿ, ನಿಂತಲ್ಲಿ, ರೊಟ್ಟಿ ತಿನ್ನುವಾಗಲೂ ಎಡಗೈ ತಲೆಯೊಳಗೇ. ಉಗುರಿನ ಸಂದಿಯಲ್ಲಿ ರಕ್ತ ಒಣಗಿರುತ್ತಿತ್ತು. ರಾತ್ರಿ ನನ್ನ ಪಕ್ಕದಲ್ಲಿ ಕೆರಕೆರ ಎಂದು ಇಲಿ ಪೆಟ್ಟಿಗೆ ಕೊರೆದ ಹಾಗೆ ಸದ್ದು. ನಿದ್ದೆಯಿಲ್ಲದೆ ಹುಡುಗಿಯ ಕಣ್ಣು ಗುಳಿ ಬಿದ್ದಿದ್ದವು.

ಅತ್ತೆಯವರ ಲೆಕ್ಕದಲ್ಲಿ ಅದು ಹೇನು. ಮಗಳನ್ನು ಬಿಸಿಲಿಗೆ ಕೂರಿಸಿಕೊಂಡು ಹೆಕ್ಕಿ, ಎರಡು ಹೆಬ್ಬೆರಳ ಉಗುರಿನ ನಡುವೆ ಚಟ್ ಎಂದು ಕುಕ್ಕಿ, ಉಗುರನ್ನು ಸೆರಗಿಗೆ ಒರೆಸಿಕೊಂಡು, ಹಾಗೆಯೇ ಎದ್ದು ಹೋಗಿ ಹಿಟ್ಟು ನಾದುತ್ತಿದ್ದರು. ಆಗಿನಿಂದ ರೊಟ್ಟಿ ಬಡಿಯುವ ಕೆಲಸವನ್ನು ನಾನೇ ಮೇಲೆ ಬಿದ್ದು ವಹಿಸಿಕೊಂಡೆ. ನನ್ನನ್ನು ಒಳ್ಳೆಯ ಸೊಸೆ ಎಂದು ಓಣಿಯವರು ಹೊಗಳಿದರು.

ಹೇನು ಸಿಕ್ಕಿದ್ದು ನಾಲ್ಕಾರು ಇರಬಹುದು. ಅವು ಹೋದ ಮೇಲೂ ಕಡಿತ ನಿಲ್ಲಲಿಲ್ಲ. ಸೀಮೆಎಣ್ಣೆ ಹಚ್ಚಿದರು, ತಲೆ ಉರಿದು ಬೊಕ್ಕೆ ಎದ್ದಿತು. ಸೀತಾಫಲದ ಬೀಜ ಅರೆದು ಮೆತ್ತಿದರು. ಕಣ್ಣಿಗೆ ಇಳಿದು ಹುಡುಗಿ ಎರಡು ದಿನ ಕಣ್ಣು ಬಿಡಲಿಲ್ಲ. ಹುಳಿ ಬಂದ ಮೊಸರು ಸುರಿದು ಬಟ್ಟೆ ಕಟ್ಟಿದರು. ನೊಣಗಳು ಅವಳ ಹಿಂದೆಯೇ ಓಡಾಡಿದವು. ಇದೆಲ್ಲದರ ಮೇಲೆ ದಿನವೂ ಕುಸುಬಿ ಎಣ್ಣೆ, ತಲೆ ತಂಪಾಗಲಿ ಎಂದು. ಬೈತಲೆಯ ಎರಡೂ ಕಡೆ ಹಳದಿ ಹಕ್ಕಳೆ ಕಟ್ಟಿ, ಬಾಚಿದರೆ ಕೂದಲ ಸಮೇತ ಕಿತ್ತು ಬಂದು, ಕೆಳಗೆ ಕೀವು ಜಿನುಗುತ್ತಿತ್ತು. ನಾನು ಬಾಚುವಾಗ ಉಸಿರು ಹಿಡಿದುಕೊಳ್ಳುತ್ತಿದ್ದೆ. ಅದು ಅವಳಿಗೂ ತಿಳಿದಿತ್ತು.

“ಅತ್ತಿಗಿ, ವಾಸನಿ ಬರ್ತೈತೇನು?” ಎಂದು ಕೇಳಿದಳು ಒಂದು ದಿನ.

“ಇಲ್ಲ.”

“ಸುಳ್ಳು ಹೇಳಬ್ಯಾಡ. ನನಗೇ ಬರ್ತೈತೆ.”

ಆಮೇಲೆ ಗಂಡನಿಗೆ ಹೇಳಿ, ಅತ್ತೆಯವರು ಗೊಣಗುತ್ತಿದ್ದರೂ, ಪಿ.ಜೆ. ಬಡಾವಣೆಯ ಒಬ್ಬ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಅವರು ಮೇಜಿನ ಮೇಲೆ ಕಪ್ಪು ಕಾಗದ ಹಾಸಿ, ತಲೆ ಬಗ್ಗಿಸು ಎಂದು, ಒಂದು ಕಡ್ಡಿಯಿಂದ ಮೆಲ್ಲಗೆ ಕೆದರಿದರು. ಬೂದಿ ಉದುರಿದ ಹಾಗೆ ಉದುರಿತು.

“ಹತ್ತಿ ಅದು, ನಮ್ದು ಹತ್ತಿ ವ್ಯಾಪಾರ,” ಎಂದೆ ನಾನು.

“ಹತ್ತಿ ಆದ್ರೆ ಎಳೆ ಇರಬೇಕಲ್ಲಮ್ಮಾ. ಇದು ತಲೆ ಚರ್ಮ. ಹೊಟ್ಟು.”

ಚರ್ಮ ಸುಲಿದು ಹೊಟ್ಟಾಗುತ್ತದೆ. ಎಣ್ಣೆ ಮೆತ್ತಿದಷ್ಟೂ ಅದು ಅಲ್ಲೇ ಅಂಟಿ ಹೆಚ್ಚುತ್ತದೆ. ಕಡಿತಕ್ಕೆ ಕೆರೆದು ಗಾಯವಾಗಿ, ಉಗುರಿನ ಕೊಳೆ ಸೇರಿ ಕೀವಾಗಿದೆ ಎಂದು ಬಿಡಿಸಿ ಹೇಳಿದರು. ಗಂಧಕದ ಮುಲಾಮು ಕೊಟ್ಟರು. ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯುವುದು, ಎಣ್ಣೆ ಪೂರ್ತಿ ಬಿಡುವುದು, ಉಗುರು ಕತ್ತರಿಸುವುದು, ಗವಸು ಕುದಿಸುವುದು, ಒಬ್ಬೊಬ್ಬರಿಗೆ ಒಂದೊಂದು ಹಣಿಗೆ. ಕೊನೆಗೆ ಕೇಳಿದರು: “ತಲೆಗೆ ಏನಾದ್ರೂ ಕಟ್ಕೋತೀಯ?”

“ಚೌರಿ,” ಎಂದಳು ನಾದಿನಿ.

“ವಾಸಿ ಆಗೋವರೆಗೆ ಅದನ್ನ ಮುಟ್ಟಬೇಡ.”

ಜಡೆ ದಪ್ಪ ಕಾಣಲೆಂದು ಹೆಣೆದುಕೊಳ್ಳುವ ಬೇರೆ ಕೂದಲಿನ ಗೊಂಚಲೇ ಚೌರಿ. ನಮ್ಮ ಮನೆಯದು ಅತ್ತೆಯವರಿಗೆ ಅವರ ತಾಯಿ ಕೊಟ್ಟದ್ದು, ಆ ತಾಯಿಯ ಕೂದಲಿನದೇ. ಆಮೇಲೆ ಅತ್ತೆಯವರ ಉದುರಿದ ಕೂದಲೂ ಸೇರಿ ದಪ್ಪವಾಗಿತ್ತು. ಮದುವೆ ಮುಂಜಿ ಎಂದು ಓಣಿಯ ಹೆಣ್ಣುಮಕ್ಕಳೂ ಕೇಳಿ ಒಯ್ದು ಕಟ್ಟಿಕೊಂಡು, ತಂದು ಕೊಡುತ್ತಿದ್ದರು. ಅದಕ್ಕೆ ನೀರು ತಾಕಿಸಬಾರದೆಂಬುದು ಅತ್ತೆಯವರ ಕಟ್ಟಪ್ಪಣೆ. ಎಣ್ಣೆ ಮಾತ್ರ ಹಚ್ಚುತ್ತ ಬಂದಿದ್ದರು, ವರ್ಷಗಟ್ಟಲೆ.

ಡಾಕ್ಟರು ಹೇಳಿದ ಮೂರನೆಯ ದಿನವೇ, ಅಂದರೆ ನಾನು ಗವಸು ಕುದಿಸಿದ ದಿನ, ಹರಿಹರದಿಂದ ಗಂಡಿನ ತಾಯಿ ಬರುವವರಿದ್ದರು. ಹುಡುಗ ಒಪ್ಪಿ ಹೋಗಿದ್ದ. ಇನ್ನು ತಾಯಿ ಬಂದು ತಮ್ಮ ಕೈಯಾರೆ ಹುಡುಗಿಯ ತಲೆಗೆ ಹೂ ಮುಡಿಸಿದರೆ ಸಂಬಂಧ ಗಟ್ಟಿಯಾದ ಹಾಗೆ. ಎಣ್ಣೆ ಹಚ್ಚಿ, ಚೌರಿ ಕಟ್ಟಿ, ಮೇಲೆ ಸೇವಂತಿಗೆ ಏರಿಸಿದರೆ ಹುಣ್ಣು ಕಾಣುವುದಿಲ್ಲ ಎಂದು ಅತ್ತೆಯವರು ತೀರ್ಮಾನಿಸಿದ್ದರು. ನಾದಿನಿ ಅಳಲಿಲ್ಲ. “ಅದನ್ನ ಕಟ್ಟಿದ್ರೆ ನಾನು ಇವತ್ತೂ ನಿದ್ದಿ ಮಾಡಂಗಿಲ್ಲ,” ಎಂದಷ್ಟೇ ನನಗೆ ಹೇಳಿದಳು. ಮುಲಾಮು ಹಚ್ಚಿ ಎರಡು ರಾತ್ರಿಯಾಗಿ ಆಗಷ್ಟೇ ಕೀವು ಒಣಗಲು ಹತ್ತಿತ್ತು.

ಕಟ್ಟಲೇಬೇಕೆಂದರೆ ತೊಳೆದಾದರೂ ಕಟ್ಟೋಣವೆಂದು, ಅತ್ತೆಯವರು ಪೂಜೆಗೆ ಕೂತ ಹೊತ್ತಿಗೆ ಚೌರಿಯನ್ನು ಗೂಟದಿಂದ ಇಳಿಸಿ ಸೀಗೆಕಾಯಿ ಕಲಸಿದ ಬಿಸಿನೀರಿಗೆ ಮುಳುಗಿಸಿದೆ. ಮುಳುಗಿಸಿದ್ದೇ ಕೈ ಹಿಂದೆಗೆದೆ. ನೀರು ಕಾಕಂಬಿಯ ಹಾಗೆ ಕಪ್ಪಗಾಯಿತು. ಮೊದಲು ಒಣಗಿದ ಮಲ್ಲಿಗೆಯ ದಾರ ಮೇಲೆ ಬಂತು, ಆಮೇಲೆ ತುಕ್ಕು ಹಿಡಿದ ಒಂದು ಪಿನ್ನು. ಆಮೇಲೆ ಸತ್ತ ಹೇನು, ಸೀರು, ಯಾವುದೋ ಬಿಳಿ ಹುಳದ ಪೊರೆ, ಯಾರು ಯಾರದೋ ತಲೆಯ ಹೊಟ್ಟು, ಅಕ್ಕಿ ತೊಳೆದಾಗ ನುಚ್ಚು ತೇಲಿದ ಹಾಗೆ ತೇಲಿದವು. ಬಚ್ಚಲ ಮೂಲೆಗೆ ಹೋಗಿ ಉಗಿದು ಬಂದೆ.

ಅಷ್ಟರಲ್ಲಿ ಅತ್ತೆಯವರು ಹಣೆಯ ವಿಭೂತಿಯೂ ಒಣಗುವ ಮೊದಲೇ ಬಂದು ನಿಂತಿದ್ದರು. “ಏನ್ ಮಾಡ್ತಿದಿ ನೀನು?”

“ಚೌರಿ ತೊಳೀತಿದೀನಿ ಅತ್ತಿ.”

“ನೀರು ತಾಕಿಸಬ್ಯಾಡ ಅಂದಿರಲಿಲ್ಲೇನು? ನಮ್ಮವ್ವನ ಕೂದಲು ಐತೆ ಅದ್ರಾಗ.”

“ನಿಮ್ಮವ್ವಾರ ಕೂದಲಿನ ಜೊತಿಗೆ ಬ್ಯಾರೆನೂ ಐತೆ. ಬರ್ರಿ, ನೋಡ್ರಿ.”

ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. “ಹತ್ತಿ,” ಎಂದರು.

ಬಚ್ಚಲ ಕಲ್ಲಿನ ಮೇಲೆ ಒದ್ದೆ ತಲೆಯಲ್ಲಿ ಕೂತಿದ್ದ ನಾದಿನಿ ಕೇಳಿದಳು: “ಹತ್ತಿಗೆ ಕಾಲು ಇರ್ತಾವೇನವ್ವ?”

ಅತ್ತೆಯವರು ಸೆರಗು ಸಿಕ್ಕಿಸಿಕೊಂಡು ಕುಕ್ಕರಿಸಿದರು. ಎರಡು ಬೆರಳು ಅದ್ದಿ, ಒಂದನ್ನು ಎತ್ತಿ, ಬೆಳಕಿಗೆ ಹಿಡಿದರು. ಮೂಸಿದರು. ಮುಖ ಕಿವುಚಿತು. ಬೆರಳನ್ನು ಗೋಡೆಗೆ ಉಜ್ಜಿ, ಬೂದಿ ಹಾಕಿ ತೊಳೆದು, ಮತ್ತೊಮ್ಮೆ ತೊಳೆದರು.

“ಆ ನೀರು ಚೆಲ್ಲು. ಬಚ್ಚಲಕ್ಕೆ ಬ್ಯಾಡ, ಹಿತ್ತಲ ಗುಂಡಿಗೆ ಚೆಲ್ಲು,” ಎಂದರು. ಬಾಗಿಲವರೆಗೆ ಹೋಗಿ ತಿರುಗಿದರು. “ಒಣಗೋದು ಯಾವಾಗ?”

“ಸಂಜಿತನಕ ಒಣಗಂಗಿಲ್ಲ.”

“ಹಂಗಾದ್ರೆ ಈ ಇಲಿಬಾಲ ತೋರಿಸಬೇಕು ಬಂದೋರಿಗೆ.” ಅಷ್ಟು ಹೇಳಿ ಒಳಗೆ ಹೋದವರು ಮಧ್ಯಾಹ್ನದವರೆಗೂ ನನ್ನ ಜೊತೆ ಮಾತು ಬಿಟ್ಟರು.

ಹರಿಹರದ ಆಯಮ್ಮ ದಪ್ಪಗೆ, ನಿಧಾನಕ್ಕೆ ಮಾತಾಡುವವರು. ಮಂಡಕ್ಕಿ ತಿಂದರು, ಚಹಾ ಕುಡಿದರು, ಬಸ್ಸಿನ ಧೂಳು ಬೈದರು. ಹುಡುಗಿಯನ್ನು ಮುಂದೆ ಕೂರಿಸಿಕೊಂಡು ಸೇವಂತಿಗೆ ದಂಡೆ ಎತ್ತಿಕೊಂಡರು. ಜಡೆಯ ಬುಡಕ್ಕೆ ಬೆರಳು ಹೋಗುತ್ತಿದ್ದಂತೆ ಅವರ ಕೈ ನಿಂತಿತು. ಅತ್ತೆಯವರು ನೆಲ ನೋಡುತ್ತಿದ್ದರು. ಆಯಮ್ಮ ಬೆರಳನ್ನು ಹೊರಗೆಳೆದು ಮೂಗಿನ ಹತ್ತಿರ ತಂದುಕೊಂಡರು.

“ಗಂಧಕ ಹಚ್ಚೀರೇನು?”

“ಹೌದ್ರಿ,” ಎಂದಳು ನಾದಿನಿ. “ತಲಿ ಹುಣ್ಣಾಗಿತ್ತು. ಹೊಟ್ಟು ಅಂದ್ರು ಡಾಕ್ಟ್ರು.”

“ಸಾರಥಿ ಹಳ್ಳಿಯಾಗ ನಮ್ಮ ಎಮ್ಮಿಗೆ ತುರಿ ಆದಾಗ ಇದನ್ನೇ ಹಚ್ಚಿದ್ವಿ.”

ಅತ್ತೆಯವರ ಮುಖ ಕಪ್ಪಿಟ್ಟಿತು. ಎಮ್ಮೆಯ ಮಾತು ಬಂದ ಮೇಲೆ ಇನ್ನೇನು ಉಳಿಯಿತು ಎಂದು ನಾನೂ ಅಂದುಕೊಂಡೆ. ನಾದಿನಿ ಮಾತ್ರ ಕತ್ತು ತಿರುಗಿಸಿ ಕೇಳಿದಳು: “ಎಮ್ಮಿಗೆ ವಾಸಿ ಆತೇನ್ರಿ?”

“ಆತು. ಮೊದಲಿಗಿಂತ ಚೆಂದ ಮೈ ಬಂತು.”

“ಹಂಗಾದ್ರೆ ನನಗೂ ಆಗ್ತೈತಿ ಬಿಡ್ರಿ.”

ಆಯಮ್ಮನ ಹೊಟ್ಟೆ ಕುಲುಕಿತು. ಆದರೆ ಹೂ ಮುಡಿಸಲಿಲ್ಲ. ಬೆರಳನ್ನು ಕರವಸ್ತ್ರಕ್ಕೆ ಚೆನ್ನಾಗಿ ಒರೆಸಿಕೊಂಡು, ಆ ಕರವಸ್ತ್ರವನ್ನು ಮಡಿಸದೆ ಚೀಲಕ್ಕೆ ತುರುಕಿದರು. ಅವರಿಗೂ ಅಸಹ್ಯವಾಗಿತ್ತು, ತಪ್ಪೇನು, ದಿನಾ ಬಾಚುವ ನನಗೇ ಆಗುತ್ತಿತ್ತು. ದಂಡೆಯನ್ನು ಹುಡುಗಿಯ ಕೈಯಲ್ಲಿಟ್ಟು ಅತ್ತೆಯವರಿಗೆ ಹೇಳಿದರು: “ಅಕ್ಕಾರೆ, ಹುಣ್ಣಿನ ಮ್ಯಾಲೆ ಹೂ ಬ್ಯಾಡ. ತಲಿ ವಾಸಿ ಆದ ಮ್ಯಾಲೆ ಹೇಳಿ ಕಳಸ್ರಿ, ಬರ್ತೀನಿ. ಮುಚ್ಚಿಡಲಿಲ್ಲ ನೀವು, ಅಷ್ಟು ಸಾಕು.”

ಮುಚ್ಚಿಡಲಿಲ್ಲ ಎಂಬ ಮಾತಿಗೆ ಅತ್ತೆಯವರು ನನ್ನ ಕಡೆ ನೋಡಲಿಲ್ಲ. ನಾನೂ ಮಂಡಕ್ಕಿ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಅವರನ್ನು ಹರಿಹರದ ಬಸ್ಸಿಗೆ ಹತ್ತಿಸಿ ನನ್ನ ಗಂಡ ಬಂದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಅತ್ತೆಯವರು ಮುಲಾಮಿನ ಡಬ್ಬಿ ಹಿಡಿದು ನಾನು ಕೂತಲ್ಲಿಗೆ ಬಂದರು. ತುರುಬು ಬಿಚ್ಚಿ ನನ್ನ ಮುಂದೆ ಬೆನ್ನು ಹಾಕಿ ಕೂತರು.

“ನಂದೂ ನೋಡು. ಭಾಳ ವರ್ಷದಿಂದ ಐತೆ.”

ನೋಡಿದೆ. ಮಗಳದಕ್ಕಿಂತ ಹೆಚ್ಚಿತ್ತು. ಬಿಳಿ ಕೂದಲ ಬುಡದಲ್ಲಿ ಮೀನಿನ ಪೊರೆಯ ಹಾಗೆ ಪದರ ಪದರ, ಒಂದನ್ನು ಎತ್ತಿದರೆ ಕೆಳಗೆ ಕೆಂಪು ಹಸಿ ಚರ್ಮ. ಇಷ್ಟು ವರ್ಷ ಇದನ್ನು ಹತ್ತಿ ಎಂದುಕೊಂಡು ಹೇಗೆ ತಡೆದಿದ್ದರೋ. ಉಸಿರು ಬಿಗಿ ಹಿಡಿದು ಹಚ್ಚಿದೆ. “ಉಸಿರು ಬಿಡು, ಸಾಯ್ತಿ,” ಎಂದರು ಅತ್ತೆಯವರು.

ಸೋಪು ಹಾಕಿ ತೊಳೆದರೂ ಬೆರಳಿನಿಂದ ಗಂಧಕದ ವಾಸನೆ ಹೋಗಲಿಲ್ಲ. ರಾತ್ರಿ ಊಟಕ್ಕೆ ಬೆಳಗಿನ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ನೆಂಟರು ಬಿಟ್ಟುಹೋಗಿ ಮೆತ್ತಗಾಗಿದ್ದ ಮಂಡಕ್ಕಿ. ನನಗೆ ಒಂದು ರೊಟ್ಟಿಗಿಂತ ಹೆಚ್ಚು ಇಳಿಯಲಿಲ್ಲ. ಮೊಸರನ್ನು ಚಮಚದಲ್ಲಿ ಕುಡಿದೆ. ಅತ್ತೆಯವರು ಎರಡು ರೊಟ್ಟಿ ತಿಂದರು. ನಾದಿನಿ ಮೂರು ತಿಂದು, ಮಂಡಕ್ಕಿಯನ್ನೂ ಮುಗಿಸಿ, ಗವಸು ಇನ್ನೂ ಒಣಗದ ಬರೀ ದಿಂಬಿಗೆ ನನ್ನ ಹಳೇ ಸೀರೆಯ ತುಂಡು ಸುತ್ತಿಕೊಂಡು, ನಾವು ತಟ್ಟೆ ತೊಳೆಯುವುದರೊಳಗೆ ಎಲ್ಲರಿಗಿಂತ ಮೊದಲು ನಿದ್ದೆ ಹೋದಳು.