ಕೊರಳೊಳಗಿನ ಹಳದಿ ಪಟ್ಟಿ

ಹಳೆಯ ಸೀರೆ ಎಲ್ಲಿ ಸವೆದಿರುತ್ತದೆ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತೇನೆ. ಕೂತು ಏಳುವ ಕಡೆ ಜಾಳಾಗಿರುತ್ತದೆ, ಅಂಚು ಕಾಲಿಗೆ ಸಿಕ್ಕಿ ಹರಿದಿರುತ್ತದೆ. ಒಳಗೆ ಸಿಕ್ಕಿಸುವ ತುದಿ ಮಾತ್ರ ಅಂಗಡಿಯಿಂದ ತಂದ ದಿನದ ಬಣ್ಣದಲ್ಲೇ ಇರುತ್ತದೆ. ಆ ತುದಿಯಲ್ಲಿ ಒಂದು ಕೂಸಿನ ಅಂಗಿಯಾದರೂ ಆಗೇ ಆಗುತ್ತದೆ. ಆಳಂದದ ನಮ್ಮ ಓಣಿಯವರು ಇಂಥ ಹೊಲಿಗೆಗೆ ನನ್ನ ಮನೆಗೇ ಬರುತ್ತಾರೆ. ಗಂಡನ ಅಂಗಿಯಲ್ಲಿ ಮಗನಿಗೆ ಚಡ್ಡಿ, ಅತ್ತೆಯ ಸೀರೆಯಲ್ಲಿ ಮೊಮ್ಮಗಳಿಗೆ ಲಂಗ. ಈಗ ಸಂತೆಯಲ್ಲಿ ರೆಡಿಮೇಡ್ ಗುಡ್ಡೆ ಹಾಕಿ ಮಾರುತ್ತಾರೆ, ಆದರೂ ಬರುತ್ತಾರೆ. ಒಗೆಯದೆ ತರುತ್ತಾರೆಂದು ಬೈಯುತ್ತಲೇ ಹೊಲಿದು ಕೊಡುತ್ತೇನೆ.

ನನಗೊಬ್ಬಳು ಮಗಳಿದ್ದಳು. ನಡೆಯಲು ಕಲಿತ ಹೊಸದರಲ್ಲಿ ಜ್ವರ ಬಂದು ಹೋದಳು. ನನ್ನ ಕೆಂಪು ಚುಕ್ಕಿಯ ಹಳದಿ ಸೀರೆಯಲ್ಲಿ ಅವಳಿಗೊಂದು ಫ್ರಾಕು ಹೊಲಿದಿದ್ದೆ, ಅದು ಅವಳ ಮೈಮೇಲೆಯೇ ಮಣ್ಣಿಗೆ ಹೋಯಿತು. ಕತ್ತರಿಸಿ ಉಳಿದ ಹಳದಿ ತುಂಡುಗಳು ಗಂಟಿನಲ್ಲಿ ಉಳಿದವು. ಮತ್ತೆ ಮಕ್ಕಳಾಗಲಿಲ್ಲ. ಮಧ್ಯಾಹ್ನ ಓಣಿ ತಣ್ಣಗಾದ ಮೇಲೆ ಮಶೀನು ತುಳಿಯುತ್ತ ಕೂತರೆ ಅವಳ ಕಾಲ್ಗೆಜ್ಜೆ ಅಡುಗೆಮನೆಯಿಂದ ಹೊರಟು ಬಂದು ನನ್ನ ಬೆನ್ನ ಹಿಂದೆ ನಿಲ್ಲುತ್ತಿತ್ತು. ಭ್ರಮೆ ಎಂದವರ ಜೊತೆ ಜಗಳವಾಡಿದ್ದೇನೆ. “ಸೂಜಿ ಬಿದ್ದಾವ, ದೂರ ನಿಲ್ಲು,” ಎಂದು ತಿರುಗದೆಯೇ ಗದರುತ್ತಿದ್ದೆ. ತಿರುಗಿದರೆ ಯಾರೂ ಇರುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

ನನ್ನ ತಂಗಿಯನ್ನು ಅಫಜಲಪುರದ ಕಡೆ ಹವಳಗಾಕ್ಕೆ ಕೊಟ್ಟಿದೆ. ಅವಳ ಮೊದಲ ಕೂಸು ಹಾಲು ಕುಡಿಯುವುದನ್ನೇ ನಿಲ್ಲಿಸಿ ತೀರಿಹೋಯಿತು. ಎರಡನೆಯದು ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಎರಡಕ್ಕೂ ಮೊದಲ ಅಂಗಿ ಹೊಲಿದವಳು ನಾನೇ. ಅವಳು ಮೂರನೇ ಸಲ ಬಸುರಾದಾಗ ಅವಳ ಅತ್ತೆ ನನಗೆ ಫೋನು ಮಾಡಿದರು.

“ಈ ಸಲ ಕೂಸಿಗೆ ಬೇಡಿ ತಂದ ಅರಿವಿನೇ ಆಗಬೇಕ್ರಿ,” ಎಂದರು.

ಮಕ್ಕಳು ಉಳಿಯದ ಮನೆಗೆ ನಮ್ಮಲ್ಲಿ ಹೀಗೊಂದು ಪದ್ಧತಿ ಇದೆ. ಮಕ್ಕಳೆಲ್ಲ ಗಟ್ಟಿಮುಟ್ಟಾಗಿರುವ ಮನೆಗಳಿಗೆ ತವರಿನವರು ಹೋಗಿ, ಸೆರಗೊಡ್ಡಿ, ಆ ಮಕ್ಕಳು ಹಾಕಿ ಬಿಟ್ಟ ಬಟ್ಟೆ ಬೇಡಿ ತರಬೇಕು. ಕೊಂಡದ್ದಾಗಬಾರದು, ಹೊಸದಾಗಬಾರದು. ಅವನ್ನು ಬಿಚ್ಚಿ, ಕೂಡಿಸಿ ಹೊಲಿದ ಅಂಗಿಯನ್ನೇ ಕೂಸಿಗೆ ಮೊದಲು ಹಾಕಬೇಕು. ಬಂದ ಸಾವು ಇದು ಯಾರದೋ ಕೂಸು ಎಂದುಕೊಂಡು ತಿರುಗಿ ಹೋಗಲಿ ಎಂದು.

“ಮತ್ತೊಂದು ಮಾತ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದು ಆಕೆ ದನಿ ತಗ್ಗಿಸಿದರು. “ಹೊಲಿಯೋ ಕೈ ಮಕ್ಕಳಿದ್ದಾಕೀದಾಗಿರ್ಲಿ.”

“ಹೌದ್ರಿ,” ಎಂದೆ. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಸಿಟ್ಟು ಆಕೆಯ ಮೇಲಲ್ಲ. ಆ ಮಾತನ್ನು ನಾನೂ ಒಳಗೊಳಗೇ ನಂಬಿದ್ದೆ. ಆ ಎರಡು ಅಂಗಿ ಹೊಲಿಯುವಾಗಲೂ ಗೆಜ್ಜೆ ಬಂದು ನನ್ನ ಹಿಂದೆ ನಿಂತಿತ್ತು. ನನ್ನ ಮಗಳಿಗೆ ಆಡಲು ಜೊತೆ ಬೇಕಾಯಿತೇನೋ ಎಂದು ಮನಸ್ಸಿಗೆ ಬಂದಿತ್ತು. ಹೆತ್ತವಳು ಯೋಚಿಸುವ ಮಾತೇ ಇದು? ಆದರೆ ಒಮ್ಮೆ ಬಂದದ್ದು ಹೋಗಲಿಲ್ಲ.

ಪಕ್ಕದ ಮನೆಯ ಖಾಲಾಗೆ, ಓಣಿಗೆಲ್ಲ ಚಿಕ್ಕಮ್ಮನಂತಿರುವ ಮುಸ್ಲಿಂ ಮುದುಕಿಗೆ, ಹೇಳಿದೆ. ಆಕೆ ಹೆತ್ತದ್ದೆಲ್ಲ ಉಳಿದು, ಮೊಮ್ಮಕ್ಕಳು ಮನೆ ತುಂಬ ಓಡಾಡುತ್ತವೆ. ಬೇಡಲು ನಾನು ಬರುತ್ತೇನೆ, ಹೊಲಿಯುವವಳು ನೀನು ಎಂದೆ. “ನನ್ನ ಹೊಲಿಗಿ ಹೊಲದ ಬದುವಿನಂಗ ಸೊಟ್ಟಗಿರ್ತದ ನೋಡು,” ಎಂದು ನಗುತ್ತ ಓಢಣಿ ಹೊದ್ದುಕೊಂಡು ಹೊರಟೇಬಿಟ್ಟರು.

ಮೊದಲ ಮನೆಯವಳು ನಮ್ಮ ಕೆಲಸ ಕೇಳಿ ಒಳಗೆ ಹೋಗಿ, ಮಗಳ ಚಿಕ್ಕಂದಿನ ನೀಲಿ ಅಂಗಿ ತಂದು ನನ್ನ ಸೆರಗಿಗೆ ಹಾಕಿದಳು. ಆ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಬಟ್ಟೆ ಕೈಗೆ ಬಂದರೆ ಹೊಲಿಗೆ ತಿರುವಿ ನೋಡುವುದು ನನ್ನ ಚಾಳಿ. ತಿರುವಿದೆ. ಕೊರಳಿನ ಒಳಗಡೆ ಕೆಂಪು ಚುಕ್ಕಿಯ ಹಳದಿ ಪಟ್ಟಿ ಇತ್ತು.

ನನ್ನ ಕೈಯ ಹೊಲಿಗೆ. ನನ್ನ ಮಗಳ ಫ್ರಾಕು ಕತ್ತರಿಸಿ ಉಳಿದ ತುಂಡು.

ಆ ತುಂಡುಗಳನ್ನು ಎಸೆಯಲಾಗಿರಲಿಲ್ಲ, ಕಣ್ಣೆದುರು ಇಟ್ಟುಕೊಳ್ಳಲೂ ಆಗಿರಲಿಲ್ಲ. ಅದಕ್ಕೇ ಓಣಿಯ ಮಕ್ಕಳಿಗೆ ಹೊಲಿಯುವಾಗ ಕೊರಳಿನ ಒಳಪಟ್ಟಿಗೆ ಹಾಕುತ್ತ ಬಂದಿದ್ದೆ. ಅದು ಹಾಕಿಕೊಂಡವರಿಗೂ ಕಾಣದ ಜಾಗ. ಗಂಟು ಖಾಲಿಯಾದ ಮೇಲೆ ಯಾರಿಗೆ ಹೊಲಿದೆ ಎಂಬುದೂ ಮರೆತುಹೋಗಿತ್ತು.

“ಇದು ಬ್ಯಾಡ್ರಿ,” ಎಂದು ತಿರುಗಿ ಕೊಡಹೋದೆ. ಆ ತಾಯಿಯ ಮುಖ ಸಣ್ಣದಾಯಿತು. ಬೇಡಿದ್ದನ್ನು ಮರಳಿಸಿದರೆ ನಿನ್ನ ಮನೆಯ ಮಕ್ಕಳಿಗೆ ಕುಂದಿದೆ ಎಂದ ಹಾಗೆ. ಖಾಲಾ ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಓಢಣಿಯಲ್ಲಿ ಕಟ್ಟಿಕೊಂಡರು. ಮುಂದಿನ ಮನೆಯಲ್ಲಿ ಗುಲಾಬಿ ಫ್ರಾಕು ಸಿಕ್ಕಿತು, ಅದರ ಕೊರಳಲ್ಲೂ ಹಳದಿ. ಅದರಾಚೆಯ ಮನೆಯಲ್ಲಿ ಚೌಕಳಿ ಅಂಗಿ, ಅದರಲ್ಲೂ ಹಳದಿ. ಯಾವ ಬಾಗಿಲಿಗೆ ಸೆರಗೊಡ್ಡಿದರೂ ನನ್ನ ಮಗಳೇ ಬಂದು ಮಡಿಲಿಗೆ ಬೀಳುತ್ತಿದ್ದಳು.

ಮನೆಗೆ ಬಂದು ಮಶೀನಿನ ಮುಂದೆ ಗಂಟು ಬಿಚ್ಚಿದವಳು ಹಳದಿ ಕಂಡು ಮತ್ತೆ ಕಟ್ಟಹೋದೆ. ಖಾಲಾ ನೋಡಿದರು.

“ಕಾಯ್ಕು, ಯಾಕ ಮತ್ತ ಕಟ್ಟಾಕತ್ತೀ ಬೇ?”

ಯಾರಿಗೂ ಹೇಳದ ಮಾತನ್ನು ಆಕೆಗೆ ಹೇಳಿಬಿಟ್ಟೆ. ಆ ಎರಡು ಅಂಗಿ ಹೊಲಿಯುವಾಗಲೂ ಗೆಜ್ಜೆ ಬಂದು ಹಿಂದೆ ನಿಂತದ್ದನ್ನು. “ಆಕೀನೇ ಕರಕೊಂಡು ಹೋಗ್ಯಾಳ ಅನಸ್ತದ ಖಾಲಾ. ಈ ಅರಿವಿ ಕೂಸಿಗೆ ಹ್ಯಾಂಗ ಹಾಕ್ಲಿ?”

ಖಾಲಾ ನೀಲಿ ಅಂಗಿಯ ಕೊರಳನ್ನು ಬೆರಳಿನಿಂದ ಸವರಿದರು. “ಇದನ್ನ ಹಾಕ್ಕೊಂಡಾಕಿ ಬಾಗಿಲದಷ್ಟ ಬೆಳದು ನಿಂತಾಳ. ಇಷ್ಟು ವರ್ಷ ಓಣಿ ಹುಡುಗರ ಕೊರಳಾಗೇ ಇದ್ದಾಳಲ್ಲ ನಿನ್ನ ಬೇಟಿ. ಕರಕೊಂಡು ಹೋಗೋದಿದ್ರ ಇವರನ್ನೆಲ್ಲ ಬಿಡ್ತಿದ್ಲೇನು?” ಎಂದು ಕತ್ತರಿಯನ್ನು ನನ್ನ ಮುಂದಿಟ್ಟರು. “ನನಗ ಸೂಜಿ ಪೋಣಸಾಕೂ ಕಣ್ಣು ಕಾಣ್ಸಂಗಿಲ್ಲ. ನೀನೇ ಹೊಲಿ.”

ಹೊಲಿಯುವಾಗ ಗೆಜ್ಜೆ ಬಂತು. ಈ ಸಲ ನಾನು ಗದರಲಿಲ್ಲ. ನೀಲಿ ಬೆನ್ನು, ಗುಲಾಬಿ ತೋಳು, ಚೌಕಳಿಯ ಎದೆ. ಹಳದಿ ಪಟ್ಟಿಗಳನ್ನು ಬಿಚ್ಚಿ, ಜೋಡಿಸಿ, ಮತ್ತೆ ಕೊರಳಿಗೇ ಹಾಕಿದೆ.

ಗಂಡು ಕೂಸು ಹುಟ್ಟಿತು. ಅಂಗಿ ಹಿಡಿದು ಹವಳಗಾಕ್ಕೆ ಹೋದೆ. ಅಂಗಿ ತೊಡಿಸುವ ಮುನ್ನ ತಂಗಿಯ ಅತ್ತೆ ಒಳಮಗ್ಗಲು ತಿರುವಿ ನೋಡಿದರು. “ಈ ಹಳದಿ ಯಾರ ಮನಿದ್ರಿ?” ಎಂದು ಕೇಳಿದರು.

“ನಮ್ಮ ಮನಿದ್ರಿ. ನನ್ನ ಮಗಳದು. ಹೊಲಿದಾಕೀನೂ ನಾನ.”

ಆಕೆಯ ಕೈ ನಿಂತಿತು. ಹಾಸಿಗೆಯ ಮೇಲಿದ್ದ ತಂಗಿ ನನ್ನನ್ನೂ ಆಕೆಯನ್ನೂ ನೋಡಿದಳು. ಆಮೇಲೆ ತಾನೇ ಅತ್ತೆಯ ಕೈಯಿಂದ ಅಂಗಿ ತೆಗೆದುಕೊಂಡು ಕೂಸಿನ ತಲೆಗೆ ಏರಿಸಿದಳು.

ಆ ಅಂಗಿ ಹವಳಗಾಕ್ಕೆ ಹೋದ ಮೇಲೆ ನನ್ನ ಮನೆಯಲ್ಲಿ ಗೆಜ್ಜೆ ಕೇಳಿಸಿಲ್ಲ. ಮಧ್ಯಾಹ್ನ ಮಶೀನು ನಿಲ್ಲಿಸಿ ಕಿವಿಗೊಡುತ್ತೇನೆ. ಹೇಳದೆ ಕೇಳದೆ ಹೋದಳಲ್ಲ ಎಂದು ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ. ಕೂಸು ಈಗ ಗೋಡೆ ಹಿಡಿದು ನಡೆಯುತ್ತದೆ. ನನ್ನ ಮಗಳು ತೀರಿಕೊಂಡಾಗ ಇದ್ದ ವಯಸ್ಸೇ.

ಮೊನ್ನೆ ತಂಗಿ ಫೋನು ಮಾಡಿ ನಗುತ್ತ ಹೇಳಿದಳು. “ಅಕ್ಕಾ, ಇಂವಾ ಒಬ್ಬನ ಕುಂತು ಯಾರ ಜೋಡಿನೋ ಆಡ್ತಾನ ನೋಡು. ಆ ಹಳೇ ಅಂಗಿ ಕೈಯಾಗಿಂದ ಬಿಡಂಗಿಲ್ಲ. ಮೂಲಿ ನೋಡಿ ನಗ್ತಾನ.”

ಫೋನನ್ನು ಅವನ ಹತ್ತಿರ ಹಿಡಿ ಎಂದೆ. ಅವನ ಕೇಕೆ ಕೇಳಿಸಿತು. ಅದರ ಹಿಂದೆ ಇನ್ನೇನಾದರೂ ಇದೆಯೇ ಎಂದು ಉಸಿರು ಬಿಗಿಹಿಡಿದು ಕೇಳಿದೆ. ಆಮೇಲೆ ಮೊದಲಿನ ಗದರುವ ದನಿಯಲ್ಲೇ ಮಗಳಿಗೆ ಹೇಳಿದೆ.

“ಎಷ್ಟು ಬೇಕೋ ಅಷ್ಟು ಆಡು. ಸಂಜಿ ಆತಂದ್ರ ನೀ ಒಬ್ಬಾಕೀನೇ ಮನಿಗೆ ಬಾ.”