ಊರಿನ ಗ್ರೂಪಿಗೆ ಬಿದ್ದ ಫೋಟೊ

ಲಾಕ್‌ಡೌನ್ ಬಂದು ಚಿಕ್ಕಮಗಳೂರಿನ ಬಟ್ಟೆ ಅಂಗಡಿ ಮುಚ್ಚಿದಾಗ ನಾನು ಬಾಳೂರಿನ ಕಡೆಯ ನಮ್ಮ ಮನೆಗೆ ಮರಳಿದ್ದೆ. ಅಣ್ಣನ ಹೆಂಡತಿ ಆಶಾ ಕಾರ್ಯಕರ್ತೆ. ಎಸ್ಟೇಟಿನ ಕೂಲಿಯವರಿರುವ ಲೈನ್ ಮನೆಗಳಿಗೆ ಹೋಗಿ ಯಾರಿಗೆ ಜ್ವರ, ಯಾರಿಗೆ ಕೆಮ್ಮು ಎಂದು ವಿಚಾರಿಸಿ ಬರೆದುಕೊಂಡು ಬರಬೇಕಿತ್ತು. ಬಸ್ಸಿಲ್ಲ, ನಡೆದೇ ಹೋಗುತ್ತಿದ್ದರು. ಒಂದು ದಿನ ಜೋರು ಮಳೆಗೆ ಸಿಕ್ಕಿಕೊಂಡಾಗ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಬೈಕಿನಲ್ಲಿ ಹತ್ತಿಸಿಕೊಂಡರು. ನಮ್ಮ ದೂರದ ನೆಂಟನೊಬ್ಬ ಅದರ ಫೋಟೊ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ. ‘ಆಶಾ ಮೇಡಂಗೆ ಹೊಸ ಡ್ಯೂಟಿ’ ಎಂದು ಬರೆದಿದ್ದ. ಕೆಳಗೆ ನಗುವ ಮುಖಗಳ ಸಾಲು.

ರೇಷನ್ ಸುದ್ದಿ ತಿಳಿಸಲೆಂದು ಮಾಡಿದ ಗ್ರೂಪ್ ಅದು. ಮನೆಗೊಂದು ನಂಬರು, ಅಂದರೆ ಮನೆಗೊಬ್ಬ ಗಂಡಸು. ಅಣ್ಣನ ಫೋನಿನಲ್ಲಿ ಅದನ್ನು ನೋಡಿದ ಅತ್ತಿಗೆ, “ನಾಳೆಯಿಂದ ನಾ ಹೋಗಲ್ಲ” ಎಂದರು. ಅಣ್ಣ ತಲೆ ತಗ್ಗಿಸಿ ಕೂತಿದ್ದ. ನನ್ನ ಮುಖ ನೋಡಿಯೇ ಅಮ್ಮನಿಗೆ ಹೆದರಿಕೆಯಾಯಿತು.

“ನೀ ಸುಮ್ನಿರು ಮಾರಾಯ್ತಿ. ಇದೆಲ್ಲ ನಾಕು ದಿನ.”

ನಾನು ಸುಮ್ಮನಿರಲಿಲ್ಲ. ಸಿಗ್ನಲ್ ಸಿಗುವ ತಿರುವಿನವರೆಗೆ ನಡೆದು, ಫೇಸ್‌ಬುಕ್ಕಿನಲ್ಲಿ ಮುಖ ತೋರಿಸಿಯೇ ಮಾತಾಡಿದೆ. “ನಿಮ್ಮನೆ ಅಜ್ಜಿಗೆ ಜ್ವರ ಬಂದಾಗ ಬಾಗಿಲಿಗೆ ಬಂದಿದ್ದು ನಮ್ಮತ್ತಿಗೇನೇ. ಫೋಟೊ ಹಾಕ್ದೋರು, ನಕ್ಕೋರು, ಅದೇ ಗ್ರೂಪಲ್ಲಿ ಕ್ಷಮೆ ಕೇಳಿ.” ಪೇಟೆ ಸೇರಿ ಕೆಟ್ಟವಳು ಎಂದೆಲ್ಲ ಕಮೆಂಟು ಬಂದವು. ಒಂದನ್ನೂ ಅಳಿಸದೆ ಒಬ್ಬೊಬ್ಬರಿಗೂ ಉತ್ತರ ಕೊಟ್ಟೆ.

ಮಾರನೇ ದಿನ ಆದದ್ದನ್ನು ನಾನೂ ಎಣಿಸಿರಲಿಲ್ಲ. ಲೈನ್ ಮನೆಯ ಹೆಂಗಸೊಬ್ಬರು ಗಂಡನ ಫೋನಿನಿಂದ ಊರಿನ ಗ್ರೂಪಿಗೇ ವಾಯ್ಸ್ ಮೆಸೇಜ್ ಕಳಿಸಿದ್ದರು.

“ನಂಗೆ ಬರಿಯಕ್ಕೆ ಬರಲ್ಲ, ಹೇಳ್ತೀನಿ ಕೇಳಿ. ನನ್ ಮಗಳು ಹೆರಿಗೆ ನೋವಲ್ಲಿ ಒದ್ದಾಡ್ತಿದ್ದಾಗ ಜೀಪು ಕರ್ಸಿ ಆಸ್ಪತ್ರೆಗೆ ಸೇರ್ಸಿದ್ದು ಅವ್ರು. ಆ ಜೀಪಲ್ಲೂ ಗಂಡಸ್ರಿದ್ರು. ಅದ್ರ ಫೋಟೊ ಯಾಕೆ ತೆಗೀಲಿಲ್ಲ?”

ಸಂಜೆಯೊಳಗೆ ಇನ್ನೂ ಹತ್ತು ಹೆಂಗಸರು ಮಾತಾಡಿದ್ದರು. ಒಬ್ಬರ ಮಾತಿನ ನಡುವೆ ಕುಕ್ಕರ್ ಕೂಗಿತ್ತು. ಅವರನ್ನೆಲ್ಲ ಕೇಳಿ, ಒಪ್ಪಿಸಿ, ಆ ಮಾತುಗಳನ್ನು ಫೇಸ್‌ಬುಕ್ಕಿಗೂ ಹಾಕಿದೆ.

ಗ್ರೂಪ್ ನಡೆಸುತ್ತಿದ್ದ ಅದೇ ಎಸ್ಟೇಟಿನ ಯಜಮಾನರಿಂದ ಫೋನು ಬಂತು. “ನೋಡಮ್ಮ, ಊರಿನ ಮರ್ಯಾದೆ ಪ್ರಶ್ನೆ. ಅದನ್ನ ತೆಗೆದ್ಬಿಡು.”

“ನಮ್ಮತ್ತಿಗೆ ಮರ್ಯಾದೆನೂ ಊರಿನ ಮರ್ಯಾದೆನೇ ಅಲ್ವಾ ಸಾರ್? ಮೊದ್ಲು ಅವನ ಕೈಲಿ ಕ್ಷಮೆ ಕೇಳ್ಸಿ.”

ಯಜಮಾನರು, “ಆಯ್ತು” ಎಂದರು.

ಆ ರಾತ್ರಿ ಊಟದ ಹೊತ್ತಿಗೆ ನೆಂಟ ಫೋಟೊ ಅಳಿಸಿ, ‘ತಪ್ಪಾಯ್ತು’ ಎಂದು ಒಂದೇ ಪದ ಬರೆದ. ಅಷ್ಟು ಬರೆಯುವುದು ಅವನಿಗೆ ಎಷ್ಟು ಕಷ್ಟವಾಗಿತ್ತೆಂದರೆ ಇವತ್ತಿಗೂ ನಮ್ಮ ಮನೆಗೆ ಕಾಲಿಟ್ಟಿಲ್ಲ. ಅತ್ತಿಗೆ ಎರಡು ದಿನ ಬಿಟ್ಟು ಕೆಲಸಕ್ಕೆ ಹೊರಟರು.

ಆ ಹನ್ನೊಂದು ಹೆಂಗಸರನ್ನೂ ಅತ್ತಿಗೆಯನ್ನೂ ಸೇರಿಸಿ ನಾನೊಂದು ಗ್ರೂಪ್ ಮಾಡಿದೆ. ಲೈನಿನ ಬಚ್ಚಲುಮನೆಗೆ ಚಿಲಕ ಯಾಕಿಲ್ಲ ಎಂಬುದೇ ಅಲ್ಲಿ ಎದ್ದ ಮೊದಲ ಪ್ರಶ್ನೆ. ಬರೀ ಫೋನಿನಲ್ಲಿ ಕೇಳಿದರೆ ಸಾಲದೆಂದು ಆರು ಜನ ಮಾಸ್ಕ್ ಹಾಕಿಕೊಂಡು ಯಜಮಾನರ ಅಂಗಳಕ್ಕೇ ಹೋಗಿ, ದೂರ ದೂರ ನಿಂತೆವು. ಮಾತು ಶುರು ಮಾಡಿದವರು ಅತ್ತಿಗೆ. ಚಿಲಕ ಆ ವಾರವೇ ಬಂತು.